ತೀರ್ಪುಗಾರರ ಮೇಜಿನ ಈಚೆಯಿಂದ: ಚರ್ಚಾ ಸ್ಪರ್ಧೆಗೆ ಸಿದ್ಧರಾಗುವ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ ನಡೆಯುವ ಚರ್ಚಾ ಸ್ಪರ್ಧೆಗಳಿಗೆ ನಾನು ತೀರ್ಪುಗಾರನಾಗಿ ಹೋಗುತ್ತಾ ಬಹಳ ವರ್ಷಗಳಾದವು. ಫಲಿತಾಂಶ ಓದಿ ಮುಗಿಸಿ ಚೀಲ ಹೆಗಲಿಗೇರಿಸುವಷ್ಟರಲ್ಲಿ ಯಾರಾದರೂ ಒಬ್ಬ ತಾಯಿಯೋ ಅಧ್ಯಾಪಕರೋ ಬಳಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮ ಹುಡುಗ ಎಲ್ಲಿಯೂ ತಡವರಿಸಲಿಲ್ಲ, ಚೀಟಿಯನ್ನೂ ನೋಡಲಿಲ್ಲ. ಆದರೂ ಬಹುಮಾನ ಯಾಕೆ ಬರಲಿಲ್ಲ?"

ತಡವರಿಸದಿರುವುದು, ಚೀಟಿ ನೋಡದಿರುವುದು ಭಾಷಣ ಸ್ಪರ್ಧೆಯಲ್ಲಿ ದೊಡ್ಡ ಗುಣ. ನಮ್ಮ ಜಿಲ್ಲೆಯ ಮಕ್ಕಳು ಕೇರಳದ ಶಾಲಾ ಕಲೋತ್ಸವದ ಕನ್ನಡ ಭಾಷಣಕ್ಕೆ, ಪದ್ಯ ಹೇಳುವ ಸ್ಪರ್ಧೆಗೆ ತಯಾರಾಗಿ ಬಂದವರು. ಅದೇ ತಯಾರಿಯನ್ನು ಚರ್ಚೆಗೂ ಹೊತ್ತು ತರುತ್ತಾರೆ. ಚರ್ಚೆಯ ಮೇಜಿನ ಹಿಂದೆ ಕುಳಿತವರು ಹುಡುಕುವುದು ಬೇರೆಯದನ್ನು. ಎದುರಿನವರು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆಯೇ, ಅದಕ್ಕೆ ನೀವು ಉತ್ತರ ಕೊಟ್ಟಿರೇ ಎಂಬುದನ್ನು. ಈ ಲೇಖನದಲ್ಲಿ ನಾನು ಹೇಳುವ ಎಲ್ಲ ಹೆಜ್ಜೆಗಳೂ ಆ ಒಂದು ಅಂಶದ ಸುತ್ತಲೇ ಇವೆ.

ಮೊದಲು ಅಂಕಪಟ್ಟಿಯನ್ನು ಕೇಳಿ ತಿಳಿದುಕೊಳ್ಳಿ

ಸ್ಪರ್ಧೆಯ ಸುತ್ತೋಲೆ ಬಂದ ದಿನವೇ ಸಂಘಟಕರಿಗೆ ಫೋನ್ ಮಾಡಿ ಮೂರು ವಿಚಾರ ಕೇಳಿ. ಒಬ್ಬೊಬ್ಬರಿಗೆ ಎಷ್ಟು ನಿಮಿಷ? ಪ್ರತಿವಾದಕ್ಕೆ ಬೇರೆ ಸುತ್ತು ಇದೆಯೇ? ಅಂಕಗಳು ಯಾವ ಯಾವ ವಿಭಾಗಕ್ಕೆ ಎಷ್ಟೆಷ್ಟು? ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಸಂಘಟಕರೂ ಇದನ್ನು ಗುಟ್ಟು ಮಾಡುವುದಿಲ್ಲ.

ನಮ್ಮ ಕಡೆ ಸಾಮಾನ್ಯವಾಗಿ ಒಂದು ಶಾಲೆಯಿಂದ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು. ವಿಷಯ ನಿರೂಪಣೆ, ಭಾಷೆ, ಮಂಡನೆಯ ಶೈಲಿ, ಪ್ರತಿವಾದ, ಸಮಯಪಾಲನೆ ಎಂಬ ಕಲಮುಗಳಿರುವ ಕಾಗದವನ್ನು ತೀರ್ಪುಗಾರರ ಕೈಗೆ ಕೊಡುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಲೆಕ್ಕ ಬಹಳ ಭಿನ್ನವಲ್ಲ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಶಿಪ್‌ನ ಮಾದರಿಯಲ್ಲಿ ವಿಷಯಕ್ಕೆ 40, ಶೈಲಿಗೆ 40, ಯುಕ್ತಿಗೆ 20 ಎಂದು ನೂರನ್ನು ಹಂಚುತ್ತಾರೆ. ಅಲ್ಲಿ ಪ್ರತಿ ತಂಡದಿಂದ ಮೂವರು ಎಂಟೆಂಟು ನಿಮಿಷ ಮಾತನಾಡುತ್ತಾರೆ. ಕೊನೆಗೆ ನಾಲ್ಕು ನಿಮಿಷದ ಒಂದು ಸಮಾರೋಪ ಉತ್ತರ ಇರುತ್ತದೆ.

'ಯುಕ್ತಿ' ಎಂಬ ಆ 20 ಅಂಕಗಳನ್ನು ಗಮನಿಸಿ. ಮಾತಿನ ಜೋಡಣೆ, ಸಮಯದ ಹಂಚಿಕೆ, ಯಾವ ವಾದಕ್ಕೆ ಉತ್ತರಿಸಲೇಬೇಕು ಎಂಬ ವಿವೇಕ, ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಶಾಲಾ ಸ್ಪರ್ಧೆಗಳ ಅಂಕಪಟ್ಟಿಯಲ್ಲಿ ಆ ಹೆಸರಿನ ಕಲಮು ಇರುವುದು ಅಪರೂಪ. ಆದರೂ ಅನುಭವವಿರುವ ತೀರ್ಪುಗಾರರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ.

ವಿಷಯದ ಅಕ್ಷರ ಅಕ್ಷರವನ್ನು ಬಿಡಿಸಿ

ಒಂದು ವಿಷಯವನ್ನೇ ಹಿಡಿದು ಮುಂದುವರಿಯೋಣ: "ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ನಡೆಯಬೇಕು." ಕಾಸರಗೋಡಿನಲ್ಲಿ ಇದು ಮತ್ತೆ ಮತ್ತೆ ಬರುವ ವಿಷಯ. 1956ರ ನವೆಂಬರ್ 1ರಂದು ಈ ತಾಲ್ಲೂಕು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮನೆಗಳಲ್ಲಿ ಇದರ ಚರ್ಚೆ ನಿಂತದ್ದೇ ಇಲ್ಲ. ಆದ್ದರಿಂದಲೇ ಮಕ್ಕಳು ವಿಷಯವನ್ನು ಓದಿದ ಕೂಡಲೇ ತಮಗೆ ಎಲ್ಲ ಗೊತ್ತಿದೆ ಎಂದುಕೊಂಡು ಬರೆಯಲು ಕುಳಿತುಬಿಡುತ್ತಾರೆ.

ಸ್ವಲ್ಪ ನಿಲ್ಲಿ. "ಮಾತೃಭಾಷೆಯಲ್ಲಿ ನಡೆಯಬೇಕು" ಎಂದಿಲ್ಲ, "ಮಾತೃಭಾಷೆಯಲ್ಲೇ" ಎಂದಿದೆ. ಆ ಒಂದು ಏಕಾರ ಪರವಾಗಿ ಮಾತನಾಡುವವರ ಹೆಗಲ ಮೇಲೆ ಎಷ್ಟು ಭಾರ ಹೊರಿಸುತ್ತದೆ ನೋಡಿ. ಮಾತೃಭಾಷೆ ಒಳ್ಳೆಯದು ಎಂದು ತೋರಿಸಿದರೆ ಸಾಲದು, ಬೇರೆ ಮಾಧ್ಯಮ ಬೇಡ ಎಂಬುದನ್ನೂ ಅವರೇ ಸಾಧಿಸಬೇಕು. ವಿರೋಧ ಪಕ್ಷಕ್ಕೆ ಆ ಏಕಾರವೇ ಬಾಗಿಲು. "ಮಾತೃಭಾಷೆ ಬೇಡ ಎನ್ನುತ್ತಿಲ್ಲ, ಅದೊಂದೇ ಎಂಬುದನ್ನು ಒಪ್ಪುವುದಿಲ್ಲ" ಎಂದು ಅವರು ನಿಲ್ಲಬಹುದು. ಈ ಎರಡು ಮಾತುಗಳ ಅಂತರವನ್ನು ಗುರುತಿಸುವ ವಿದ್ಯಾರ್ಥಿ ಬಾಯಿ ತೆರೆದ ಮೊದಲ ನಿಮಿಷದಲ್ಲೇ ನನ್ನ ಪೆನ್ನು ಚುರುಕಾಗುತ್ತದೆ.

ಇನ್ನು 'ಬೇಕು'. ಯಾರು ಹೇಳುವ ಬೇಕು? ಸರಕಾರ ಕಡ್ಡಾಯ ಮಾಡಬೇಕೆಂದೇ, ತಂದೆ ತಾಯಿ ಆರಿಸಿಕೊಳ್ಳಬೇಕೆಂದೇ? ಇನ್ನು 'ಮಾತೃಭಾಷೆ'. ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಸಿಕೊಳ್ಳುವ ಊರಿನಲ್ಲಿ ಈ ಪದವನ್ನು ವಿವರಿಸದೆ ಮುಂದೆ ಹೋಗುವುದು ದೊಡ್ಡ ತಪ್ಪು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮದರಸದಲ್ಲಿ ಅರಬಿ ಎಂಬಂತೆ ಬದುಕುವ ಮಗುವಿನ ಮಾತೃಭಾಷೆ ಯಾವುದು? ಮೊದಲು ಮಾತನಾಡುವವರು ಇದನ್ನು ನ್ಯಾಯವಾಗಿ ವಿವರಿಸಬೇಕು. ತಮಗೆ ಅನುಕೂಲವಾಗುವಂತೆ ತಿರುಚಿ ವಿವರಿಸಿದರೆ ಅದೂ ಗೊತ್ತಾಗುತ್ತದೆ, ಅಂಕ ಕಡಿಮೆಯಾಗುತ್ತದೆ.

ಎದುರು ಪಕ್ಷದ ಭಾಷಣವನ್ನು ನೀವೇ ಬರೆಯಿರಿ

ನಿಮ್ಮ ಭಾಷಣ ಬರೆಯುವ ಮೊದಲು ಎದುರಾಳಿಯ ಭಾಷಣವನ್ನು ಬರೆಯಿರಿ. ಸುಲಭವಾಗಿ ಹೊಡೆದು ಉರುಳಿಸಬಹುದಾದ ಸೋಗಿನ ಭಾಷಣ ಬೇಡ. ಅವರ ಕಡೆಯ ಅತ್ಯಂತ ಜಾಣ ವಿದ್ಯಾರ್ಥಿ ಏನು ಹೇಳಬಹುದೋ ಅದನ್ನೇ ಬರೆಯಿರಿ. ನಮ್ಮ ಶಾಸ್ತ್ರಕಾರರು ಇದನ್ನು ಪೂರ್ವಪಕ್ಷ ಎಂದರು. ಎದುರಿನವನ ಮತವನ್ನು ಅವನೇ ತಲೆದೂಗುವಂತೆ ಹೇಳಿದ ಮೇಲೆಯೇ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು.

ನ್ಯಾಯಶಾಸ್ತ್ರದಲ್ಲಿ ವಾದ, ಜಲ್ಪ, ವಿತಂಡ ಎಂದು ಮೂರು ಬಗೆ. ನಿಜವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಿನದನ್ನು ಬರಿದೇ ಖಂಡಿಸುವುದು ವಿತಂಡ. ವಿರೋಧವಾಗಿ ಮಾತನಾಡುವ ಮಕ್ಕಳು ಹೆಚ್ಚಾಗಿ ಬೀಳುವುದು ಈ ಮೂರನೆಯ ಗುಂಡಿಗೆ. "ಅದು ಸರಿಯಿಲ್ಲ, ಇದು ಸರಿಯಿಲ್ಲ" ಎಂದು ಐದು ನಿಮಿಷ ಹೇಳಿ ಇಳಿಯುತ್ತಾರೆ. ಹಾಗಾದರೆ ಏನಾಗಬೇಕು ಎಂಬುದು ಕೊನೆಗೂ ತಿಳಿಯುವುದಿಲ್ಲ. ವಿರೋಧ ಪಕ್ಷಕ್ಕೂ ತನ್ನದೇ ಒಂದು ನಿಲುವು ಬೇಕು, ಅದನ್ನು ಮೊದಲ ಅರ್ಧ ನಿಮಿಷದಲ್ಲಿ ಹೇಳಿಬಿಡಬೇಕು.

ವಾದ ಕಟ್ಟುವಾಗ ಆಧಾರಗಳನ್ನು ಪೂರ್ತಿ ಓದಿ

ಎರಡು ವಾದ ಸಾಕು, ಹೆಚ್ಚೆಂದರೆ ಮೂರು. ಐದು ನಿಮಿಷದಲ್ಲಿ ಏಳು ವಾದ ಹೇಳಿದವರ ಒಂದು ವಾದವೂ ನನ್ನ ಕಾಗದದಲ್ಲಿ ಗಟ್ಟಿಯಾಗಿ ನಿಂತದ್ದಿಲ್ಲ. ಪ್ರತಿ ವಾದಕ್ಕೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳುತ್ತಿರುವುದೇನು? ಅದು ಯಾಕೆ ನಿಜ? ಎಲ್ಲಿ ಕಂಡಿದೆ? ಕಂಡಿದ್ದರೆ ಈ ವಿಷಯಕ್ಕೆ ಅದರಿಂದ ಏನಾಯಿತು? ಮಕ್ಕಳು ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ತಂದಿರುತ್ತಾರೆ. 'ಯಾಕೆ' ಎಂಬಲ್ಲಿ ಒಂದು ಸುಭಾಷಿತ ಬಂದು ಕೂತಿರುತ್ತದೆ. ಸುಭಾಷಿತ ಕೇಳಲು ಇಂಪು, ಕಾರಣದ ಸ್ಥಾನವನ್ನು ಅದು ತುಂಬುವುದಿಲ್ಲ.

ಆಧಾರದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೆಲ್ಲಬೇಕಾದ ಎಷ್ಟೋ ಮಕ್ಕಳು ಸೋಲುವುದು ಇಲ್ಲಿಯೇ.

ಮಾತೃಭಾಷೆಯ ವಿಷಯಕ್ಕೆ ಪರವಾಗಿ ಬರುವ ಹತ್ತರಲ್ಲಿ ಎಂಟು ಮಂದಿ "ನಮ್ಮ ಸಂವಿಧಾನವೇ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಬೇಕೆಂದು ಹೇಳಿದೆ" ಎನ್ನುತ್ತಾರೆ. ಯಾವ ವಿಧಿ ಎಂದು ಕೇಳಿದರೆ ಮೌನ. ಅದು 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದು ಅದರ ಸಾರ. ಸೌಲಭ್ಯ ಒದಗಿಸುವುದಕ್ಕೂ ಕಡ್ಡಾಯ ಮಾಡುವುದಕ್ಕೂ ಇರುವ ಅಂತರ ನಿಮಗೆ ಗೊತ್ತಿಲ್ಲದಿದ್ದರೆ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಳ್ಳಬೇಕು ಕೂಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ವಿಭಾಗವೂ ಬೋಧನಾ ಮಾಧ್ಯಮ ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುವಾಗ "ಕಾರ್ಯಸಾಧ್ಯವಾದ ಮಟ್ಟಿಗೆ" ಎಂಬ ಮಾತನ್ನು ಸೇರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆ ಎಂದಿದೆ, ಅಲ್ಲಿಯೂ "ಸಾಧ್ಯವಿರುವಲ್ಲೆಲ್ಲ" ಎಂಬ ಷರತ್ತಿದೆ. ವಿರೋಧ ಪಕ್ಷದವರಿಗೆ 2014ರ ಮೇ ತಿಂಗಳ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು ಇದೆ: ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ. ಆ ಪ್ರಕರಣ ಕರ್ನಾಟಕದ್ದೇ. ಆದರೆ ಅವರೂ ಎಚ್ಚರವಾಗಿರಬೇಕು. ಮಾತೃಭಾಷೆಯಲ್ಲಿ ಕಲಿಯುವುದು ಒಳ್ಳೆಯದಲ್ಲ ಎಂದು ಆ ತೀರ್ಪು ಹೇಳಿಲ್ಲ. ಕಡ್ಡಾಯ ಮಾಡುವ ಅಧಿಕಾರದ ಪ್ರಶ್ನೆಯನ್ನು ಅದು ತೀರ್ಮಾನಿಸಿತು.

ಹೀಗೆ ಆಧಾರದಲ್ಲಿರುವ 'ಸಾಧ್ಯವಾದ ಮಟ್ಟಿಗೆ' ಎಂಬಂಥ ಸಣ್ಣ ಪದಗಳನ್ನು ಮುಚ್ಚಿಡದೆ ಹೇಳಿ, ಅದರ ಮೇಲೆಯೇ ವಾದ ಕಟ್ಟುವ ವಿದ್ಯಾರ್ಥಿಯನ್ನು ನಾನು ನಂಬುತ್ತೇನೆ. ಒಮ್ಮೆ ನಂಬಿದ ಮೇಲೆ ಅವನು ಹೇಳುವ ಉಳಿದ ಮಾತುಗಳಿಗೂ ತೂಕ ಬರುತ್ತದೆ. ಅಂಕಿ ಅಂಶ ಎಂದು "ಒಂದು ಸಮೀಕ್ಷೆಯ ಪ್ರಕಾರ ಶೇಕಡಾ 87" ಎಂದು ಹೇಳುವವರಿದ್ದಾರೆ. ಯಾರ ಸಮೀಕ್ಷೆ, ಯಾವ ವರ್ಷದ್ದು ಎಂದು ಹೇಳಲಾಗದಿದ್ದರೆ ಅದನ್ನು ಬಿಟ್ಟುಬಿಡಿ. ಕಣ್ಣಾರೆ ಕಂಡ ಒಂದು ಉದಾಹರಣೆಯೇ ಅದಕ್ಕಿಂತ ಮೇಲು.

ಉದಾಹರಣೆಯೂ ತನ್ನ ಶಕ್ತಿಯಷ್ಟೇ ಭಾರ ಹೊರಬಲ್ಲದು. ರಾಸಾಯನಿಕ ಕೀಟನಾಶಕಗಳನ್ನು ಸಂಪೂರ್ಣ ನಿಷೇಧಿಸಬೇಕು ಎಂಬ ವಿಷಯ ಬಂದರೆ ನಮ್ಮ ಜಿಲ್ಲೆಯ ಮಕ್ಕಳು ಎಂಡೋಸಲ್ಫಾನ್ ಎನ್ನದೆ ಇರಲಾರರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಪರಿಣಾಮ ಅವರ ನೆರೆಮನೆಯಲ್ಲಿ ಇದೆ. ಹೇಳಬೇಕಾದದ್ದೇ, ನೋವಿನಿಂದ ಹೇಳಿದರೂ ತಪ್ಪಿಲ್ಲ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಒಂದು ರಾಸಾಯನಿಕವನ್ನು. ಅದರಿಂದ ಎಲ್ಲ ಕೀಟನಾಶಕಗಳ ನಿಷೇಧಕ್ಕೆ ಹೇಗೆ ಬಂದಿರಿ ಎಂಬ ಸೇತುವೆಯನ್ನು ನೀವೇ ಕಟ್ಟಬೇಕು. ಕಣ್ಣೀರು ಬಂದಿದ್ದರೂ ತೀರ್ಪುಗಾರರು ಆ ಸೇತುವೆಯನ್ನು ನಿಮಗಾಗಿ ಕಟ್ಟಿಕೊಡಬಾರದು. ಅದು ನಮಗಿರುವ ನಿಯಮ. ನಮ್ಮ ಸ್ವಂತ ಅಭಿಪ್ರಾಯವನ್ನೂ ನಮಗೆ ಗೊತ್ತಿರುವ ಹೆಚ್ಚಿನ ವಿವರಗಳನ್ನೂ ಹೊರಗಿಟ್ಟು, ಸಭಾಂಗಣದಲ್ಲಿ ಆಡಿದ ಮಾತನ್ನಷ್ಟೇ ತೂಗಬೇಕು.

ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿ

ನಾನು ಹೋದ ಮೊದಲ ಕೆಲವು ಸ್ಪರ್ಧೆಗಳಲ್ಲೊಂದರಲ್ಲಿ ಕಂಚಿನ ಕಂಠದ ಒಬ್ಬ ಹುಡುಗನಿಗೆ ಪ್ರಥಮ ಸ್ಥಾನ ಕೊಟ್ಟೆ. ಮನೆಗೆ ಬಂದು ರಾತ್ರಿ ಟಿಪ್ಪಣಿ ಕಾಗದ ತೆಗೆದು ನೋಡಿದರೆ ಅವನ ಹೆಸರಿನ ಮುಂದೆ 'ಧ್ವನಿ ಚೆನ್ನಾಗಿದೆ' ಎಂಬುದನ್ನು ಬಿಟ್ಟರೆ ವಾದ ಎಂದು ಬರೆದದ್ದು ಒಂದೂ ಇರಲಿಲ್ಲ. ಎರಡನೆಯ ಸ್ಥಾನ ಕೊಟ್ಟ ಹುಡುಗಿಯ ಹೆಸರಿನ ಮುಂದೆ ಅರ್ಧ ಪುಟ ಇತ್ತು. ಆ ಹುಡುಗಿಗೆ ಅನ್ಯಾಯ ಮಾಡಿದೆ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ. ಅಂದಿನಿಂದ ನನ್ನ ಕ್ರಮವನ್ನೇ ಬದಲಾಯಿಸಿಕೊಂಡೆ.

ಈಗ ನಾನು ಕಾಗದದ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ಪರ, ಬಲಕ್ಕೆ ವಿರೋಧ. ಪ್ರತಿ ವಾದವನ್ನೂ ನಾಲ್ಕೈದು ಪದಗಳಲ್ಲಿ ಬರೆಯುತ್ತೇನೆ. ಯಾರಾದರೂ ಅದಕ್ಕೆ ಉತ್ತರ ಕೊಟ್ಟರೆ ಅಲ್ಲಿಂದ ಇಲ್ಲಿಗೆ ಬಾಣದ ಗುರುತು. ಸ್ಪರ್ಧೆ ಮುಗಿದಾಗ ಬಾಣ ಮುಟ್ಟದ ವಾದಗಳಿಗೆ ಸುತ್ತು ಹಾಕುತ್ತೇನೆ. ಉತ್ತರ ಸಿಗದೆ ಉಳಿದ ಗಟ್ಟಿ ವಾದ ಯಾರದೋ ಅವರ ಕಡೆಗೆ ತಕ್ಕಡಿ ವಾಲುತ್ತದೆ. ನೀವೂ ಹೀಗೆಯೇ ಮಾಡಿ. ಸರದಿ ಬರುವವರೆಗೆ ಕಣ್ಣು ಮುಚ್ಚಿ ನಿಮ್ಮ ಭಾಷಣವನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಾ ಕೂರಬೇಡಿ. ಹಾಗೆ ತುಟಿ ಅಲ್ಲಾಡಿಸುತ್ತಾ ಕುಳಿತವರು ಮೇಜಿನ ಈಚೆಯಿಂದ ಚೆನ್ನಾಗಿಯೇ ಕಾಣುತ್ತಾರೆ. ಹಾಳೆಗೆ ಗೆರೆ ಎಳೆದು ಬರೆದುಕೊಳ್ಳಿ. ನಿಮ್ಮ ಸಮಯದಲ್ಲಿ ಮೂರನೆಯ ಒಂದು ಭಾಗವನ್ನು ಬರೆಯದೆ ಖಾಲಿ ಬಿಟ್ಟು ಬನ್ನಿ, ಅಲ್ಲಿ ತುಂಬುವುದು ಈ ಹಾಳೆಯಲ್ಲಿರುವುದು.

ಉತ್ತರಿಸುವ ಕ್ರಮ ಹೀಗಿರಲಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ವಾಕ್ಯದಲ್ಲಿ ಹೇಳಿ. ಒಪ್ಪುವ ಭಾಗವಿದ್ದರೆ ಒಪ್ಪಿಕೊಳ್ಳಿ. ಒಪ್ಪದ ಭಾಗವನ್ನು ಕಾರಣಸಹಿತ ಹೇಳಿ. ಅದರಿಂದ ಚರ್ಚೆಗೆ ಏನಾಯಿತು ಎಂದು ತೋರಿಸಿ.

ಇದರ ಪಾಠಶಾಲೆ ನಮ್ಮ ಊರಿನಲ್ಲೇ ಇದೆ. ಮಳೆಗಾಲದಲ್ಲಿ ತಾಳಮದ್ದಳೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಲು ಹೋಗಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದದ ನಂತರ ಉಳಿಯುವುದು ಮಾತು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತನಾಡುವವನು, ಎದುರಿನವರ ಬಾಯಿಂದ ಬಿದ್ದ ಒಂದು ಪದವನ್ನು ಎತ್ತಿಕೊಂಡೇ ತನ್ನ ಮಾತನ್ನು ಆರಂಭಿಸುತ್ತಾನೆ. ಮನೆಯಲ್ಲಿ ಬರೆದು ತಂದದ್ದನ್ನು ಒಪ್ಪಿಸಿದರೆ ಎದುರಿನವನು ಬಿಡುವುದಿಲ್ಲ, ಸಭೆಯೂ ಸುಮ್ಮನಿರುವುದಿಲ್ಲ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ನೆಟ್ಟು ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ವೈರವಿರಲಿಲ್ಲ, ನಾನು ಬೇರೊಬ್ಬನೊಡನೆ ಕಾದುತ್ತಿದ್ದೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಬಲವಾದ ವಾದ. ರಾಮ ಇಲ್ಲಿ 'ನಾನು ಮರೆಯಲ್ಲಿ ನಿಂತಿರಲಿಲ್ಲ' ಎಂದು ಹೇಳಲಾರ. ಅವನು ಹಿಡಿಯುವ ದಾರಿಯೇ ಬೇರೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಈ ಭೂಮಿ ಇಕ್ಷ್ವಾಕುಗಳ ಆಳ್ವಿಕೆಗೆ ಸೇರಿದ್ದು, ಇದು ದಂಡನೆ. ನಡೆದದ್ದನ್ನು ಒಪ್ಪಿಕೊಂಡು, ಅದನ್ನು ಅಳೆಯುವ ಕೋಲನ್ನೇ ಬದಲಾಯಿಸಿದ. ಯುದ್ಧದ ನಿಯಮದಿಂದ ದಂಡನೆಯ ನಿಯಮಕ್ಕೆ ಚರ್ಚೆಯನ್ನು ಎಳೆದು ತಂದ. ಈಗ ವಾಲಿಯ ಪಾತ್ರಧಾರಿಯ ಜಾಣತನ ಇರುವುದು ಆ ಹೊಸ ಕೋಲನ್ನು ಪ್ರಶ್ನಿಸುವುದರಲ್ಲಿ: ದಂಡನೆಯಾದರೆ ವಿಚಾರಣೆ ಎಲ್ಲಿ? ನಿಜ, ತಾಳಮದ್ದಳೆಗೂ ಸ್ಪರ್ಧೆಗೂ ವ್ಯತ್ಯಾಸವಿದೆ. ಅಲ್ಲಿ ಗಂಟೆ ಬಾರಿಸುವವರಿಲ್ಲ, ಯಾರು ಎಷ್ಟು ಚೆನ್ನಾಗಿ ಮಾತನಾಡಿದರೂ ವಾಲಿ ಸಾಯಲೇಬೇಕು. ಆದರೆ ಮಾತಿಗೆ ಮಾತು ಕೊಡುವ ಕೌಶಲ ಅದೇ.

ಈಗ ನಾನು ಕಂಡ ಒಂದು ಸನ್ನಿವೇಶ. ಜುಲೈ ತಿಂಗಳು, ತಗಡಿನ ಮಾಡಿನ ಸಭಾಂಗಣ, ಮಳೆಯ ಸದ್ದಿಗೆ ಮೈಕ್ ಇದ್ದರೂ ಮುಂದೆ ಬಾಗಿ ಕೇಳಬೇಕಾದ ಸ್ಥಿತಿ. ವಿಷಯ ಇದೇ, ಮಾತೃಭಾಷೆಯದು. ಪರವಾಗಿ ಮಾತನಾಡಿದವರೆಲ್ಲ ಮಗುವಿಗೆ ಮನೆಯ ಭಾಷೆಯಲ್ಲಿ ಕಲಿತರೆ ಮಾತ್ರ ಅರ್ಥವಾಗುತ್ತದೆ ಎಂದಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ವಿರೋಧವಾಗಿ ಬಂದಳು. ಕೈಯಲ್ಲಿ ಮಡಚಿದ ಹಾಳೆ. ಧ್ವನಿ ಏರಿಸಲಿಲ್ಲ. "ನನಗಿಂತ ಮೊದಲು ಮಾತನಾಡಿದವರು ಮನೆಯ ಭಾಷೆಯಲ್ಲಿ ಕಲಿತರೆ ಮಾತ್ರ ಅರ್ಥವಾಗುತ್ತದೆ ಎಂದರು. ನನ್ನ ಮನೆಯ ಭಾಷೆ ತುಳು. ನಾನು ಒಂದನೆಯ ತರಗತಿಯಿಂದ ಕಲಿತದ್ದು ಕನ್ನಡದಲ್ಲಿ. ಅವರ ಮಾತು ನಿಜವಾದರೆ ನನಗೆ ಇಷ್ಟು ವರ್ಷ ಏನೂ ಅರ್ಥವಾಗಿಲ್ಲ. ಆದರೆ ಅವರು ಕನ್ನಡದಲ್ಲಿ ಹೇಳಿದ್ದು ನನಗೆ ಈಗ ಅರ್ಥವಾಯಿತು."

ಸಭೆಯಲ್ಲಿ ಒಂದು ಕ್ಷಣ ಮಳೆಯ ಸದ್ದು ಮಾತ್ರ ಇತ್ತು. ನಾನು ಎಡಗಡೆಯ ಮೂರು ವಾದಗಳಿಗೆ ಒಟ್ಟಿಗೆ ಬಾಣ ಎಳೆದೆ.

ಅವಳ ನಂತರ ಪರವಾಗಿ ಬಂದ ಹುಡುಗ ಏನು ಮಾಡಿದ? ಕನ್ನಡ ನಾಡು ನುಡಿಯ ಹಿರಿಮೆಯ ಒಂದು ಪದ್ಯದಿಂದ ಆರಂಭಿಸಿದ, ಬರೆದು ತಂದದ್ದನ್ನು ಸೊಗಸಾಗಿ ಹೇಳಿದ, ನಮಸ್ಕರಿಸಿ ಹೋದ. ಅವಳ ಮಾತು ಅವನಿಗೆ ಕೇಳಿಸಲೇ ಇಲ್ಲವೇನೋ ಎಂಬಂತೆ. ಅವನ ಜಾಗದಲ್ಲಿ ನೀವಿದ್ದರೆ ಏನು ಉತ್ತರಿಸುತ್ತಿದ್ದಿರಿ? ಮುಂದೆ ಓದುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ.

ಭಾಷೆ ಮತ್ತು ಧ್ವನಿ

ಗಡಿನಾಡಿನ ಮಕ್ಕಳಿಗೆ ಒಂದು ಮಾತು ಧೈರ್ಯಕ್ಕಾಗಿ ಹೇಳುತ್ತೇನೆ. ನಿಮ್ಮ ಕನ್ನಡದಲ್ಲಿ ತುಳುವಿನ ರಾಗವೋ ಹವ್ಯಕದ ಎಳೆತವೋ ಇದ್ದರೆ ಅದು ದೋಷವಲ್ಲ. ಆ ಕಾರಣಕ್ಕೆ ಅಂಕ ಕಳೆಯುವ ತೀರ್ಪುಗಾರರು ಇದ್ದರೆ ತಪ್ಪು ಅವರದು. ಆದರೆ 'ಭಾಷೆ' ಎನ್ನುವಲ್ಲಿ 'ಬಾಷೆ', 'ಧನ' ಎನ್ನುವಲ್ಲಿ 'ದನ' ಎಂದರೆ ಅರ್ಥವೇ ಕೆಡುತ್ತದೆ. ಮಹಾಪ್ರಾಣಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಲಯಾಳದ ವೇಷ ಹಾಕಿಕೊಂಡ ಕನ್ನಡ ಪದಗಳ ಬಗ್ಗೆ. "ಇಂಗ್ಲಿಷ್ ಕಲಿತರೆ ಮಕ್ಕಳಿಗೆ ಹೆಚ್ಚು ಅವಸರಗಳು ಸಿಗುತ್ತವೆ" ಎಂದು ಒಬ್ಬರು ಹೇಳಿದರು. ಮಲಯಾಳದಲ್ಲಿ 'ಅವಸರ' ಎಂದರೆ ಅವಕಾಶ, ಕನ್ನಡದಲ್ಲಿ ತರಾತುರಿ. ಇನ್ನೊಬ್ಬರು "ಮಾತೃಭಾಷೆಯಲ್ಲಿ ಕಲಿಯುವುದು ಮಗುವಿನ ಅವಕಾಶ" ಎಂದರು. ಅವರು ಹೇಳಬೇಕೆಂದಿದ್ದದ್ದು ಹಕ್ಕು. ಮಲಯಾಳದಲ್ಲಿ 'ಅವಕಾಶ' ಎಂದರೆ ಹಕ್ಕು, ಮಾಹಿತಿ ಹಕ್ಕನ್ನು ಅಲ್ಲಿ 'ವಿವರಾವಕಾಶ' ಎನ್ನುವುದು ಹಾಗಾಗಿಯೇ. ಕನ್ನಡದಲ್ಲಿ ಹಕ್ಕಿಗೂ ಅವಕಾಶಕ್ಕೂ ಇರುವ ಅಂತರದ ಮೇಲೆಯೇ ಈ ಇಡೀ ಚರ್ಚೆ ನಿಂತಿದೆ. ಆ ವಿದ್ಯಾರ್ಥಿ ತನ್ನ ಪಕ್ಷವನ್ನು ತಾನೇ ಅರ್ಧಕ್ಕೆ ಇಳಿಸಿದಂತಾಯಿತು. ನೀವು ಬರೆದದ್ದನ್ನು ಮಂಗಳೂರಿನದೋ ಪುತ್ತೂರಿನದೋ ಪತ್ರಿಕೆ ಓದುವ ಒಬ್ಬ ಹಿರಿಯರಿಗೆ ಒಮ್ಮೆ ಓದಿ ಹೇಳಿ, ಇಂಥ ಪದಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಧ್ವನಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಿಂದಿನ ಬೆಂಚಿಗೆ ಕೇಳಿಸಬೇಕು. ಮೈಕನ್ನು ಬಾಯಿಗೆ ಅಂಟಿಸಿಕೊಳ್ಳಬೇಡಿ. "ನನ್ನ ವಾದಗಳು ಎರಡು. ಮೊದಲನೆಯದು..." ಎಂದು ಗುರುತು ಕೊಟ್ಟು ಮಾತನಾಡಿ. ನಾವು ಕೇಳುತ್ತಾ ಬರೆಯುತ್ತಿರುತ್ತೇವೆ, ಹೊಸ ವಾದ ಎಲ್ಲಿ ಆರಂಭವಾಯಿತು ಎಂಬುದು ತಿಳಿಯದಿದ್ದರೆ ಎರಡೂ ಕೂಡಿ ಒಂದಾಗಿಬಿಡುತ್ತವೆ. "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಆರಂಭವಾಗುವ ವಂದನೆಯನ್ನು ಒಂದು ವಾಕ್ಯಕ್ಕೆ ಇಳಿಸಿ. ಐದು ನಿಮಿಷದಲ್ಲಿ ಮುಕ್ಕಾಲು ನಿಮಿಷ ಅದಕ್ಕೇ ಕೊಟ್ಟವರನ್ನು ಕಂಡಿದ್ದೇನೆ. ಎದುರಾಳಿಯನ್ನು 'ನನ್ನ ಮಿತ್ರರು' ಎಂದೋ 'ವಿರೋಧ ಪಕ್ಷದವರು' ಎಂದೋ ಕರೆಯಿರಿ. ಅವರ ಶಾಲೆ, ಮನೆ, ಉಚ್ಚಾರಣೆ ಯಾವುದನ್ನೂ ಮಾತಿಗೆ ತರಬೇಡಿ. ಹಾಗೆ ತಂದವರಿಗೆ ನಾನು ಯಾವ ಕಾರಣಕ್ಕೂ ಬಹುಮಾನ ಕೊಡುವುದಿಲ್ಲ.

ಗಂಟೆ ಮತ್ತು ಪ್ರಶ್ನೆಗಳು

ಎಚ್ಚರಿಕೆಯ ಗಂಟೆ ಬಿದ್ದಾಗ ಹೊಸ ವಾದ ಆರಂಭಿಸಬೇಡಿ. ಹಿಡಿದದ್ದನ್ನು ಮುಗಿಸಿ ಸಮಾರೋಪಕ್ಕೆ ಬನ್ನಿ. ಮನೆಯಲ್ಲಿ ಮೊಬೈಲಿನ ಗಡಿಯಾರ ಇಟ್ಟುಕೊಂಡು ಐದಾರು ಬಾರಿ ಹೇಳಿ ನೋಡಿದರೆ ಇದು ತಾನಾಗಿ ಕೂರುತ್ತದೆ.

ವಿಶ್ವ ಶಾಲಾ ಮಾದರಿಯಲ್ಲಿ ಭಾಷಣದ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರಾಳಿಗಳು ಎದ್ದು ನಿಂತು ಪ್ರಶ್ನೆ ಹಾಕಬಹುದು, ಸ್ವೀಕರಿಸುವುದು ಬಿಡುವುದು ಮಾತನಾಡುವವರ ಇಚ್ಛೆ. ನಮ್ಮಲ್ಲಿ ಹೆಚ್ಚಾಗಿ ಪ್ರಶ್ನೆ ಕೇಳುವುದು ತೀರ್ಪುಗಾರರೇ. ಆ ಪ್ರಶ್ನೆ ನಿಮ್ಮನ್ನು ಬೀಳಿಸಲು ಎಂದು ಹೆದರಬೇಡಿ. ನಿಮ್ಮ ವಾದದಲ್ಲಿ ಒಂದು ಮೆಟ್ಟಿಲು ಕಾಣದಿದ್ದಾಗ ನಾನು ಪ್ರಶ್ನೆ ಕೇಳುತ್ತೇನೆ, ಅದನ್ನು ಹಾಕಲು ನಿಮಗೆ ಸಿಗುವ ಎರಡನೆಯ ಸಂದರ್ಭ ಅದು. ಎರಡು ಉಸಿರು ತೆಗೆದುಕೊಂಡು ಕೇಳಿದ್ದಕ್ಕಷ್ಟೇ ಉತ್ತರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಕೊನೆಯ ಸುತ್ತಿನಲ್ಲಿ ತೂಗಿ ತೋರಿಸಿ

ಪ್ರತಿವಾದದ ಸುತ್ತು ಇದ್ದರೆ ಅದರ ಎರಡು ನಿಮಿಷವನ್ನು ಹಳೆಯ ಭಾಷಣದ ಸಾರಾಂಶಕ್ಕೆ ಖರ್ಚು ಮಾಡಬೇಡಿ. ಒಳ್ಳೆಯ ಚರ್ಚೆಯ ಕೊನೆಗೆ ಎರಡೂ ಕಡೆ ಸ್ವಲ್ಪ ಸ್ವಲ್ಪ ನಿಜ ಉಳಿದಿರುತ್ತದೆ. ಪರದವರು ಹೇಳಿದಂತೆ ಚಿಕ್ಕ ಮಗುವಿಗೆ ಪರಿಚಯವಿಲ್ಲದ ಭಾಷೆಯಲ್ಲಿ ಗಣಿತ ಕಷ್ಟ. ವಿರೋಧದವರು ಹೇಳಿದಂತೆ ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಇಲ್ಲದೆ ಕಷ್ಟ. ಈಗ ಯಾವ ಕಷ್ಟ ದೊಡ್ಡದು? ಇದನ್ನು ತೀರ್ಪುಗಾರರಿಗೆ ಬಿಡದೆ ನೀವೇ ತೂಗಿ. "ಇಂಗ್ಲಿಷನ್ನು ಐದನೆಯ ತರಗತಿಯ ನಂತರವೂ ಕಲಿಯಬಹುದು. ಒಂದನೆಯ ತರಗತಿಯಲ್ಲಿ ಏನೂ ಅರ್ಥವಾಗದೆ ಕಳೆದ ವರ್ಷವನ್ನು ಮತ್ತೆ ಕೊಡಲಾಗುವುದಿಲ್ಲ" ಎಂದು ಒಬ್ಬರು ಹೇಳಿದರೆ, ಅದು ತೂಗಿದ ಮಾತು. ಸರಿಪಡಿಸಬಹುದಾದ ನಷ್ಟಕ್ಕಿಂತ ಸರಿಪಡಿಸಲಾಗದ ನಷ್ಟ ದೊಡ್ಡದು ಎಂಬ ಅಳತೆಯನ್ನು ಅವರು ಕೊಟ್ಟರು. ವಿರೋಧದವರು ಬೇರೆ ಅಳತೆ ತರಬಹುದು: ಎಷ್ಟು ಮಕ್ಕಳಿಗೆ, ಎಷ್ಟು ಕಾಲ, ಎಷ್ಟು ಖಚಿತವಾಗಿ. ಸಮಬಲದ ಇಬ್ಬರಲ್ಲಿ ಪ್ರಥಮ ಯಾರು ಎಂಬುದು ನನ್ನ ಕಾಗದದಲ್ಲಿ ಬಹುತೇಕ ಇಲ್ಲಿಯೇ ತೀರ್ಮಾನವಾಗಿದೆ.

ಫಲಿತಾಂಶ ಬಂದ ಮೇಲೆ

ತೀರ್ಪುಗಾರರ ಬಳಿಗೆ ಹೋಗಿ, ಪೋಷಕರನ್ನು ಕಳುಹಿಸದೆ ನೀವೇ ಹೋಗಿ. "ನನಗೆ ಯಾಕೆ ಬಹುಮಾನ ಇಲ್ಲ" ಎಂದು ಕೇಳಿದರೆ ಸಿಗುವುದು ಸಮಾಧಾನದ ಎರಡು ಮಾತು. "ನಾನು ಉತ್ತರ ಕೊಡದೆ ಬಿಟ್ಟ ವಾದ ಯಾವುದು?" ಎಂದು ಕೇಳಿ. ಇದಕ್ಕೆ ಉತ್ತರಿಸಲು ತೀರ್ಪುಗಾರರು ತಮ್ಮ ಕಾಗದವನ್ನು ತೆರೆಯಲೇಬೇಕಾಗುತ್ತದೆ.

ಆ ದಿನ ಪದ್ಯ ಹೇಳಿದ ಹುಡುಗ ಹಾಗೆಯೇ ಬಂದ. ಮಳೆ ಬಿಟ್ಟಿರಲಿಲ್ಲ, ಪಡಸಾಲೆಯಲ್ಲಿ ನಿಂತು ನನ್ನ ಹಾಳೆಯನ್ನು ತೋರಿಸಿದೆ. ಅವಳ ತುಳುವಿನ ಮಾತಿಗೆ ಹಾಕಿದ್ದ ಸುತ್ತು ನೋಡಿದ. "ಇದಕ್ಕೆ ಏನು ಹೇಳಬಹುದಿತ್ತು?" ಎಂದು ಕೇಳಿದ. ನಾನು ಉತ್ತರ ಹೇಳದೆ ಪ್ರಶ್ನೆಗಳನ್ನೇ ಕೇಳಿದೆ. ಆ ಹುಡುಗಿ ಶಾಲೆಗೆ ಬರುವ ಮೊದಲು ಕನ್ನಡ ಕೇಳಿರಲಿಲ್ಲವೇ? ಕೇಳಿರುತ್ತಾಳೆ, ಯಕ್ಷಗಾನದಲ್ಲಿ, ಭಜನೆಯಲ್ಲಿ, ಅಂಗಡಿಯಲ್ಲಿ, ಅಜ್ಜ ಓದುವ ಪತ್ರಿಕೆಯಲ್ಲಿ ಎಂದ. ಇಂಗ್ಲಿಷನ್ನು ಹಾಗೆ ಕೇಳಿರುತ್ತಾಳೆಯೇ? ಇಲ್ಲ ಎಂದ. ಹಾಗಾದರೆ ಅವಳಿಗೆ ಪಾಠ ಅರ್ಥವಾದದ್ದು ಯಾಕೆ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪದ್ಯ ಬರೆದಿದ್ದ ಹಾಳೆಯನ್ನು ತಿರುವಿ, ಗೋಡೆಗೆ ಒತ್ತಿ ಹಿಡಿದು, ಅದರ ಹಿಂಬದಿಯಲ್ಲಿ ಬರೆಯತೊಡಗಿದ. ಬರೆಯುತ್ತಲೇ ಕೇಳಿದ: "ಹಾಗಾದರೆ ಅವಳು ಕೊಟ್ಟ ಉದಾಹರಣೆ ನಮ್ಮ ಪಕ್ಷದ್ದೇ ಆಗಿತ್ತಲ್ಲವೇ ಸರ್?"